ಒಂಬತ್ತನೇ ವಿಷಯ

29 ಸೆಪ್ಟೆಂಬರ್ 2024, ಭಾನುವಾರ

ಅಮ್ಮ ಹೋಗಿ ಇವತ್ತಿಗೆ ಹನ್ನೆರಡು ದಿನ. ನೆಂಟರೆಲ್ಲ ಬೆಳಗಿನ ರೈಲಿಗೆ ಹೊರಟರು. ಅದೇ ಹಳಿ, ಅದೇ ರೈಲು, ಬೇರೆ ದಾರಿಯಾದರೂ ಎಲ್ಲಿದೆ? ಹೊರಡುವಾಗ ಚಿಕ್ಕಮ್ಮ, "ಏನನ್ನಾ ಬರ್ಕೊಳ್ಳೇ ತನುಜ, ಒಳಗೇ ಇಟ್ಕೊಂಡ್ರೆ ಹುಚ್ಚು ಹಿಡೀತದೆ" ಎಂದಳು. ಎಂಟು ವರ್ಷದಿಂದ ಪಂಚಾಯಿತಿ ಕಚೇರಿಯಲ್ಲಿ ಬರೆಯುವುದೇ ನನ್ನ ಕೆಲಸ. ನನಗೋಸ್ಕರ ಅಂತ ಒಂದು ಗೆರೆ ಬರೆದವಳಲ್ಲ.

ನಡೆದದ್ದನ್ನು ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ. ಹುಣಸೆಗುಂಟೆಯ ಶಾಲೆ, ಹಾಲಿನ ಡೈರಿ, ಪಂಚಾಯಿತಿ ಎಲ್ಲ ಹಳಿಯ ಆ ಕಡೆ. ನಮ್ಮ ಕಾಲೋನಿ ಈ ಕಡೆ. ಮೊದಲು ನಡುವೆ ಗೇಟ್ ಇತ್ತು, ಗೇಟ್ ಹಾಕುವುದಕ್ಕೆ ಒಬ್ಬ ಮನುಷ್ಯ ಇದ್ದ. ಹೋದ ವರ್ಷ ಗೇಟ್ ಕಿತ್ತು, ಹಳಿಯ ಕೆಳಗೆ ಅಂಡರ್‌ಪಾಸ್ ಮಾಡಿದರು. ಒಂದು ಜೋರು ಮಳೆ ಬಂದರೆ ಅದರಲ್ಲಿ ಎದೆಮಟ್ಟ ನೀರು, ವಾರಗಟ್ಟಲೆ ಇಳಿಯುವುದಿಲ್ಲ. ಆಗ ಎಲ್ಲರೂ ಹಳಿ ಹಾಕಿರುವ ಮಣ್ಣಿನ ಏರಿ ಹತ್ತಿ ಹಳಿಯ ಮೇಲೆಯೇ ದಾಟುತ್ತಾರೆ.

ಹದಿನೇಳನೇ ತಾರೀಕು ಸಂಜೆ ಅಮ್ಮ ಹಾಲಿನ ಕ್ಯಾನ್ ಹಿಡಿದು ಏರಿ ಹತ್ತಿದಳು. ಗೂಡ್ಸ್ ಬರುತ್ತಿತ್ತು, ನಿಂತಳು. ಅದರ ಕೊನೆಯ ಡಬ್ಬಿ ದಾಟಿದ್ದೇ ಹೆಜ್ಜೆ ಇಟ್ಟಳು. ಎರಡನೇ ಹಳಿಯಲ್ಲಿ ಎದುರು ದಿಕ್ಕಿನಿಂದ ಎಕ್ಸ್‌ಪ್ರೆಸ್ ಬರುತ್ತಿದ್ದದ್ದು ಗೂಡ್ಸಿನ ಮರೆಯಲ್ಲಿ ಅವಳಿಗೆ ಕಾಣಲಿಲ್ಲ. ಕರೆಂಟ್ ರೈಲು, ಸದ್ದೂ ಇಲ್ಲ.

ಕ್ಯಾನ್ ಸಿಕ್ಕಿತು. ಒಂದು ಕಡೆ ನೆಗ್ಗಿತ್ತು. ಮುಚ್ಚಳ ಬಿಗಿಯಾಗಿಯೇ ಇತ್ತು, ಹಾಲು ಚೆಲ್ಲಿರಲಿಲ್ಲ.

3 ಅಕ್ಟೋಬರ್, ಗುರುವಾರ

ರೈಲ್ವೆ ಪೊಲೀಸ್ ಠಾಣೆಗೆ ಹೋಗಿದ್ದೆ. ಅಮ್ಮನ ಹೆಸರು, ಆದಿಲಕ್ಷ್ಮಮ್ಮ ಕೋಂ ಗಂಗುಲಪ್ಪ ಎನ್ನುವುದರ ಮುಂದೆ "ಹಳಿಯ ಮೇಲೆ ಅತಿಕ್ರಮ ಪ್ರವೇಶ" ಎಂದು ಬರೆದಿದ್ದರು. ಸತ್ತವಳ ಮೇಲೇ ತಪ್ಪು.

"ಮದುವೆಯಾಗಿ ಬಂದಾಗಿನಿಂದ ಅಲ್ಲೇ ದಾಟ್ತಿದ್ದಿದ್ದು ಸರ್" ಎಂದೆ.

"ಅವಾಗ ಗೇಟ್ ಇತ್ತಮ್ಮ. ಈಗ ಅದು ದಾರಿ ಅಲ್ಲ."

"ದಾರಿ ತುಂಬ ನೀರಿತ್ತು."

"ನೀರು ನಮ್ಮ ಕೆಲಸ ಅಲ್ಲ."

ಅಲ್ಲಿಂದ ರೈಲ್ವೆ ಎಂಜಿನಿಯರ್ ಆಫೀಸು. ಕಟ್ಟುವುದಷ್ಟೇ ನಾವು, ನೀರು ತೆಗೆಯುವುದು ಊರಿನವರು ಎಂದರು. ರಸ್ತೆ ಇಲಾಖೆಯಲ್ಲಿ, ಅದು ಪಂಚಾಯಿತಿ ರಸ್ತೆ ಎಂದರು. ಪಂಚಾಯಿತಿ ಎಂದರೆ ನನ್ನ ಕಚೇರಿಯೇ. ನಮ್ಮ ಪಿಡಿಒ ರಮೇಶ್‌ಬಾಬು ಸರ್ ನನಗೆ ಕುರ್ಚಿ ಎಳೆದು ಕೂರಿಸಿ, ಟೀ ತರಿಸಿ, "ಹಳಿ ಕೆಳಗಿರೋದೆಲ್ಲ ರೈಲ್ವೆದು ಕಣಮ್ಮ" ಎಂದರು. ಎಂದೂ ಇಲ್ಲದ ಮರ್ಯಾದೆ. ಆ ಟೀಯನ್ನು ಅವರ ಟೇಬಲ್ ಮೇಲೇ ಬಿಟ್ಟು ಬಂದೆ.

9 ಅಕ್ಟೋಬರ್, ಬುಧವಾರ

ಗೌರಿಬಿದನೂರಿನ ವಕೀಲ ಮುರಳಿಮೋಹನ್ ಅವರನ್ನು ನೋಡಿದೆ. ಕೇಸು ತೆಗೆದುಕೊಳ್ಳುತ್ತೇನೆ ಎಂದರು. ಇಷ್ಟು ದಿನಕ್ಕೆ ನನ್ನ ಮುಖ ನೋಡಿ ಮಾತಾಡಿದವರು ಇವರೊಬ್ಬರೇ.

"ಗೇಟ್ ಸುಮ್‌ಸುಮ್ನೆ ತೆಗೆಯಕ್ಕಾಗಲ್ಲ ತನುಜ. ಊರಿನ ಒಪ್ಪಿಗೆ ಬೇಕು. ಯಾರೋ ಬರ್ದುಕೊಟ್ಟವ್ರೆ. ಆ ಕಾಗದ ಕೈಗೆ ಬರ್ಲಿ, ಅದನ್ನ ಮುಂದಿಟ್ಕೊಂಡು ಯಾರ ಜವಾಬ್ದಾರಿ ಅಂತ ಕೋರ್ಟಲ್ಲೇ ಕೇಳಣ. ಅದಿಲ್ದಿದ್ರೆ ಎಲ್ರೂ ಕೈ ತೊಳ್ಕೊಂತಾರೆ."

"ಕೇಳಿದ್ರೆ ಏನಾಗುತ್ತೆ ಸರ್?"

"ಗೇಟೋ, ಮೇಲ್ಸೇತುವೆನೋ, ಕೊನೇಪಕ್ಷ ಒಬ್ಬ ಕಾವಲುಗಾರನೋ. ಇನ್ನೊಂದು ಹೆಣ ಬೀಳೋ ಮೊದ್ಲು ಏನಾದ್ರೂ."

ರೈಲ್ವೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. ಒಪ್ಪಿಗೆ ಕೊಟ್ಟವರು ಯಾರು, ಅದರ ಪ್ರತಿ ಕೊಡಿ ಎಂದು. ದಸರಾ ರಜೆ ಮುಗಿದರೆ ಕಾಲೋನಿಯ ಹನ್ನೊಂದು ಮಕ್ಕಳು ಮತ್ತೆ ಅದೇ ಏರಿ ಹತ್ತಬೇಕು.

ಆ ಒಪ್ಪಿಗೆ ಬರೆದ ಕೈ ಸೇದಿಹೋಗಲಿ. ಬಾಯಲ್ಲಿ ಹೇಳುವುದಕ್ಕೆ ಅಪ್ಪ ಬಿಡುವುದಿಲ್ಲ, ಇಲ್ಲಿ ಬರೆಯುತ್ತೇನೆ. ಸೇದಿಹೋಗಲಿ.

22 ಅಕ್ಟೋಬರ್, ಮಂಗಳವಾರ

ಜಂಟಿ ಪರಿಶೀಲನೆ ಎಂದು ಮೂರು ಜೀಪುಗಳಲ್ಲಿ ಬಂದರು. ರೈಲ್ವೆಯ ಎಂಜಿನಿಯರು, ತಾಲ್ಲೂಕಿನ ಅಧಿಕಾರಿ, ನಮ್ಮ ರಮೇಶ್‌ಬಾಬು ಸರ್. ಮೊನ್ನೆಯ ಮಳೆಯ ನೀರು ಅಂಡರ್‌ಪಾಸಿನಲ್ಲಿ ಹಾಗೇ ನಿಂತಿತ್ತು. ಬೂಟು ನೆನೆಯದ ಹಾಗೆ ಅಂಚಿನಲ್ಲಿ ನಿಂತು, ಬಿದಿರು ಕೋಲು ಅದ್ದಿ ಅಳತೆ ನೋಡಿದರು. ಒಬ್ಬೊಬ್ಬರೂ ಇನ್ನೊಬ್ಬರ ಕಡೆಗೆ ಕೈ ತೋರಿಸಿದರು.

ಇವರು ಹೀಗೆ ನೀರು ನೋಡುತ್ತಿದ್ದಾಗಲೇ ಶಾಲೆ ಬಿಟ್ಟಿತು. ಬ್ಯಾಗು ಹೊತ್ತ ಮಕ್ಕಳು ಅವರ ಬೆನ್ನ ಹಿಂದೆ ಸಾಲಾಗಿ ಏರಿ ಹತ್ತಿದರು. ಪಕ್ಕದ ಮನೆ ಸೌಜನ್ಯಳ ಮಗಳು ಕಲ್ಯಾಣಿ ಎಲ್ಲರಿಗಿಂತ ಹಿಂದೆ. ಏಳು ವರ್ಷದ ಮಗು, ಹಳಿಯ ಕಬ್ಬಿಣದ ಮೇಲೆ ಕಾಲಿಟ್ಟು ಕುಣಿಯುತ್ತದೆ. ಒಬ್ಬ ಅಧಿಕಾರಿಯೂ ತಿರುಗಿ ನೋಡಲಿಲ್ಲ.

ನೋಡಿದವನು ಅಪ್ಪ ಒಬ್ಬನೇ. ಅಪ್ಪ ವಯಸ್ಸಿನಲ್ಲಿ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಕೂಲಿ ಮಾಡಿದವನು, ಯಾವ ರೈಲು ಎಷ್ಟೊತ್ತಿಗೆ ಎಂದು ಬಾಯಿಪಾಠ. ರಜೆ ಮುಗಿದು ಶಾಲೆ ಶುರುವಾದ ದಿನದಿಂದ ಅಮ್ಮನ ಟ್ರಂಕಿನಲ್ಲಿದ್ದ ಕೆಂಪು ರವಿಕೆ ಕಣವನ್ನು ಕೋಲಿಗೆ ಕಟ್ಟಿಕೊಂಡು ಏರಿಯ ಮೇಲೆ ನಿಲ್ಲುತ್ತಾನೆ. ಬಟ್ಟೆ ಎತ್ತಿದರೆ ಎಲ್ಲರೂ ನಿಲ್ಲಬೇಕು, ಇಳಿಸಿದರೆ ದಾಟಬಹುದು. ಅವನಿಗೆ ಇದನ್ನು ಮಾಡು ಎಂದವರಿಲ್ಲ.

ಕೊನೆಗೆ ಮೂವರೂ ಒಪ್ಪಿದ ಮಾತು ಒಂದೇ: ಜನ ದಾಟುತ್ತಿರುವ ಜಾಗ ದಾಟುವ ಜಾಗವಲ್ಲ. ವರದಿ ಬರೆಯಲು ನನಗೇ ಹೇಳಿದರು, ನನ್ನ ಅಕ್ಷರ ಚೆನ್ನಾಗಿದೆಯಂತೆ. ಅಮ್ಮ ಬಿದ್ದ ಜಾಗಕ್ಕೆ ಮೂವತ್ತು ಹೆಜ್ಜೆ ದೂರದಲ್ಲಿ, ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡು ಬರೆದೆ.

11 ನವೆಂಬರ್, ಸೋಮವಾರ

ಕಾಗದ ಬಂತು.

ಅಕ್ಷರ ನನ್ನದು.

13 ನವೆಂಬರ್, ಬುಧವಾರ

ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ಜ್ವರ ಎಂದು ಅಪ್ಪನಿಗೆ ಸುಳ್ಳು ಹೇಳಿದ್ದೇನೆ.

ರೈಲ್ವೆಯವರು ಕಳಿಸಿದ್ದು 2022ರ ಅಕ್ಟೋಬರಿನ ಗ್ರಾಮಸಭೆಯ ನಡಾವಳಿಯ ನಕಲು. "ವಿಷಯ 9: ರೈಲ್ವೆ ಗೇಟ್ ಮುಚ್ಚಿ ಕೆಳಸೇತುವೆ ನಿರ್ಮಿಸುವ ಬಗ್ಗೆ. ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಲಾಗಿ, ಗ್ರಾಮಸ್ಥರ ಯಾವುದೇ ಆಕ್ಷೇಪಣೆ ಇರುವುದಿಲ್ಲವೆಂದೂ, ಕೆಳಸೇತುವೆಯಲ್ಲಿ ನಿಲ್ಲುವ ನೀರನ್ನು ಹೊರಹಾಕುವ ಜವಾಬ್ದಾರಿಯನ್ನು ಗ್ರಾಮ ಪಂಚಾಯಿತಿಯೇ ವಹಿಸಿಕೊಳ್ಳುವುದೆಂದೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಕೆಳಗೆ ಸಹಿ ಹಾಕಿದವರ ಹೆಸರು. ಮೊದಲನೆಯದು ಆದಿಲಕ್ಷ್ಮಮ್ಮ.

ನಮ್ಮಲ್ಲಿ ಸಭೆ ನಡೆಯುವುದು ಹೀಗೆ. ಜನ ಬಂದು ಕೂತ ತಕ್ಷಣ ನಡಾವಳಿ ಪುಸ್ತಕದ ಖಾಲಿ ಹಾಳೆ ತೆಗೆದು, ಅರ್ಧ ಪುಟದಿಂದ ಕೆಳಗೆ ಸಹಿ ಹಾಕಿಸುತ್ತೇವೆ. ಟೀ ಬಿಸ್ಕತ್ತು ಆದಮೇಲೆ ಜನ ನಿಲ್ಲುವುದಿಲ್ಲ ನೋಡಿ, ಅದಕ್ಕೆ. ಏನು ತೀರ್ಮಾನವಾಯಿತು ಎನ್ನುವುದನ್ನು ಮೇಲಿನ ಜಾಗದಲ್ಲಿ ಆಮೇಲೆ ಬರೆಯುತ್ತೇವೆ, ಒಮ್ಮೊಮ್ಮೆ ವಾರವಾದ ಮೇಲೆ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಹೀಗೇ. ಯಾರಿಗೂ ಮೋಸ ಅನ್ನಿಸಿಲ್ಲ. ನನಗೂ.

ಆ ಸಭೆಯಲ್ಲಿ ಗೇಟಿನ ಮಾತೇ ಬರಲಿಲ್ಲ. ಬೀದಿದೀಪ, ಚರಂಡಿ, ನರೇಗಾ ಅಷ್ಟೇ. ಆಮೇಲೆ ಒಂದು ದಿನ ರಮೇಶ್‌ಬಾಬು ಸರ್ ಒಂದು ಚೀಟಿ ಕೊಟ್ಟು, "ಇದನ್ನೂ ಸೇರಿಸಿಬಿಡಮ್ಮ, ಮೇಲಿಂದ ಅರ್ಜೆಂಟ್" ಎಂದರು. ಎಂಟು ವಿಷಯ ಆಗಲೇ ಬರೆದಾಗಿತ್ತು, ಒಂಬತ್ತನೆಯದಾಗಿ ಇದನ್ನು ಸೇರಿಸಿದೆ. ಬರೆಯುವಾಗ ಓದಿಕೊಂಡೆನೇ? ನೆನಪಿಲ್ಲ. ನನ್ನದೇ ಊರಿನ ಗೇಟು, ನೆನಪಿಲ್ಲ.

ಇವತ್ತು ಕಚೇರಿಯಲ್ಲಿ ಮೂಲ ಪುಸ್ತಕ ತೆಗೆದು ನೋಡಿದೆ. ಅಮ್ಮನಿಗೆ ಸಹಿ ಕಲಿಸಿದ್ದು ನಾನು, ಮೂರು ತಿಂಗಳು ಹಿಡಿಯಿತು. ಹೆಸರಿನ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ ಇಡುತ್ತಿದ್ದಳು. ಅವಳ ಸಹಿ ಎಲ್ಲರಿಗಿಂತ ಮೇಲೆ ಇದೆ. ಒಂಬತ್ತನೇ ವಿಷಯಕ್ಕೆ ಜಾಗ ಸಾಲದೆ ನನ್ನ ಕೊನೆಯ ಸಾಲು ಅವಳ ಸಹಿಯ ಹತ್ತಿರ ಬಂದು, ಮೇಲಕ್ಕೆ ಬಾಗಿ, ಅದನ್ನು ಸುತ್ತಿಕೊಂಡು ಹೋಗಿದೆ. ನೋಡಿದ ಯಾರಿಗಾದರೂ ಗೊತ್ತಾಗುತ್ತದೆ, ಸಹಿ ಮೊದಲು, ಬರಹ ಆಮೇಲೆ. ರೈಲ್ವೆಗೆ ಹೋದ ನಕಲು ನಾನೇ ಬೇರೆ ಹಾಳೆಯಲ್ಲಿ ಅಂದವಾಗಿ ಬರೆದದ್ದು. ಅದರಲ್ಲಿ ಈ ಬಾಗು ಇಲ್ಲ.

ಪುಸ್ತಕ ಹೊರಗೆ ಬಂದರೆ ಆ ಒಪ್ಪಿಗೆ ಸುಳ್ಳು ಎಂದು ಸಾಬೀತಾಗುತ್ತದೆ. ಸುಳ್ಳು ಬರೆದವಳು ನಾನು ಎಂದೂ ಆಗುತ್ತದೆ. ಪುಸ್ತಕ ಬರದಿದ್ದರೆ, ಗೇಟ್ ತೆಗೆಯಿರಿ ಎಂದು ಒಪ್ಪಿದವಳು ಅಮ್ಮ.

20 ನವೆಂಬರ್, ಬುಧವಾರ

ಎಂದಿನಂತೆ ಕಚೇರಿಗೆ ಹಾಜರಾಗಲಾಯಿತು. ನಾನು ಪುಸ್ತಕ ತೆಗೆದು ನೋಡಿದ್ದು ರಮೇಶ್‌ಬಾಬು ಸರ್‌ಗೆ ತಿಳಿದಿತ್ತು, ಬಾಗಿಲು ಹಾಕಿಕೊಂಡು ಮಾತಾಡಿದರು.

"ಪುಸ್ತಕ ಎಲ್ಲೋ ಹೋಯ್ತು ಅಂತ ಬರೆದಿಡಣ ಕಣಮ್ಮ. ಮಳೇಲಿ ನೆಂದೋಯ್ತು, ಇಲಿ ತಿಂತು, ಏನೋ ಒಂದು. ನನಗೆ ಇನ್ನು ಎರಡು ವರ್ಷ ಸರ್ವೀಸಿದೆ. ನಿನಗೆ ಮೂವತ್ತು ವರ್ಷ ಇದೆ. ನಿಮ್ಮಮ್ಮ ಅಂತೂ ವಾಪಸ್ ಬರಲ್ಲ."

ಅವರ ಕಣ್ಣಲ್ಲಿ ನೀರಿತ್ತು. ನಾಟಕವಲ್ಲ, ಅವರಿಗೂ ನನ್ನಷ್ಟೇ ಹೆದರಿಕೆ.

ಪುಸ್ತಕವನ್ನು ಮನೆಗೆ ತರಲಾಗಿದೆ. ರಾಗಿ ಡ್ರಮ್ಮಿನಲ್ಲಿ, ರಾಗಿಯ ಕೆಳಗೆ ಇರಿಸಲಾಗಿದೆ. ವಕೀಲರು ಫೋನ್ ಮಾಡಿದ್ದು, ರೈಲ್ವೆಯಿಂದ ಉತ್ತರ ಬಂದಿಲ್ಲವೆಂದು ತಿಳಿಸಲಾಯಿತು.

29 ನವೆಂಬರ್, ಶುಕ್ರವಾರ

ಮಧ್ಯಾಹ್ನ ಸೌಜನ್ಯ ಕಚೇರಿಗೆ ಬಂದಿದ್ದಳು. ಮತ್ತೆ ಮಳೆ ಬರುತ್ತದಂತೆ, ಅಂಡರ್‌ಪಾಸಿಗೆ ಒಂದು ಪಂಪ್ ಹಾಕಿಸಿ ಎಂದು ಅರ್ಜಿ. ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ರೈಲ್ವೆಯವರನ್ನು ಕೇಳಬೇಕೆಂದು ತಿಳಿಸಲಾಯಿತು.

"ನೀನೂ ಇದೇ ಮಾತಾಡ್ತೀಯೇನೇ ತನುಜ?" ಎಂದಳು.

ಅರ್ಜಿಯನ್ನು ಸ್ವೀಕರಿಸಿ ಕಡತಕ್ಕೆ ಸೇರಿಸಲಾಯಿತು. ಮುದ್ದೆ ಮಾಡಲಾಯಿತು. ಅಪ್ಪ ಉಂಡ.

3 ಡಿಸೆಂಬರ್, ಮಂಗಳವಾರ

ಮೂರು ದಿನ ಸೈಕ್ಲೋನ್ ಮಳೆ. ಇವತ್ತು ಸಂಜೆ ಶಾಲೆ ಬಿಡುವ ಹೊತ್ತಿಗೆ ಅಂಡರ್‌ಪಾಸ್ ತುಂಬಿತ್ತು. ನಾನು ಕಚೇರಿಯಲ್ಲಿದ್ದೆ, ಸೌಜನ್ಯ ಕೂಗಿಕೊಂಡು ಬಂದಳು.

ಗೂಡ್ಸ್ ಹೋಗುತ್ತಿತ್ತಂತೆ. ಅಪ್ಪ ಬಟ್ಟೆ ಎತ್ತಿ ನಿಂತಿದ್ದ. ಕೊನೆಯ ಡಬ್ಬಿ ದಾಟಿದ್ದೇ ಕಲ್ಯಾಣಿ ಓಡಿದಳು. ಎರಡನೇ ಹಳಿಯಲ್ಲಿ ರೈಲು ಬರುತ್ತಿತ್ತು. ಅಪ್ಪ ಕೋಲು ಬಿಸಾಕಿ ಹಳಿಯ ಮೇಲೇ ಓಡಿ, ಮಗುವಿನ ಬ್ಯಾಗು ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ರೈಲಿನ ಗಾಳಿಗೆ ಮಗುವಿನ ಟೋಪಿ ಹಾರಿಹೋಯಿತು, ಅಷ್ಟೇ.

ಡ್ರೈವರ್ ಮುಂದಿನ ಸ್ಟೇಷನ್ನಿಗೆ ಹೇಳಿದ, ಹಳಿಯ ಮೇಲೆ ಯಾರೋ ಮನುಷ್ಯ ಎಂದು. ಪೊಲೀಸರು ಬಂದು ಅಪ್ಪನನ್ನೇ ಕರೆದುಕೊಂಡು ಹೋದರು. ಅತಿಕ್ರಮ ಪ್ರವೇಶ, ರೈಲಿಗೆ ಅಡ್ಡಿ. ನಾನು ಹೋಗಿ ಕರೆತರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಆಟೋದಲ್ಲಿ ಅಪ್ಪನ ಕೈ ನೋಡಿದೆ. ಮೊಣಕೈ ತರಚಿತ್ತು. ಹೆಬ್ಬೆಟ್ಟಿಗೆ ಮಸಿ ಮೆತ್ತಿತ್ತು.

"ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಂತ ಬರ್ದಿತ್ತಪ್ಪ?"

"ಏನೂ ಇರ್ಲಿಲ್ಲ. ಬಿಳೇ ಹಾಳೆ. ಆಮ್ಯಾಕೆ ಬರ್ಕೊಂತೀವಿ, ಒತ್ತು ಅಂದ್ರು."

"ಖಾಲಿ ಹಾಳೆಗೆ ಒತ್ತಿದ್ಯಾ? ಬುದ್ಧಿ ಬೇಡ್ವಾ ನಿಂಗೆ? ಏನ್ ಬೇಕಾದ್ರೂ ಬರ್ಕೊಂಡ್ರೆ?" ಆಟೋದವನು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ.

ಅಪ್ಪನಿಗೆ ಕೋಪವೂ ಬರಲಿಲ್ಲ. "ಯಾಕಮ್ಮ ಅಂಗ್ ಕೂಗ್ತೀಯ. ನಿಮ್ ಗ್ರಾಮಸಭೇಲಿ ಅಂಗೇ ಅಲ್ವಾ ನಾವೆಲ್ಲ ಒತ್ತೋದು? ನಿಮ್ಮಮ್ಮ ಅಂತೂ ಎಲ್ಲಾರ್ಗಿಂತ ಮುಂಚೆ ಓಡೋಗಿ ಸೈನ್ ಹಾಕೋಳು. ಬರ್ಯೋದು ನನ್ ಮಗಳು, ನಮಗೆ ಕೆಟ್ಟದ್ದು ಬರ್ದಾಳಾ ಅನ್ನೋಳು."



5 ಡಿಸೆಂಬರ್, ಗುರುವಾರ

ಅಪ್ಪನಿಗೆ ಹೇಳಿದೆ.

ನನಗಿದ್ದ ಹೆದರಿಕೆ ಕೆಲಸ ಹೋಗುತ್ತದೆ ಎಂದಲ್ಲ, ಕೇಸು ಬೀಳುತ್ತದೆ ಎಂದೂ ಅಲ್ಲ. ಅಪ್ಪ ನನ್ನನ್ನು ಹೇಗೆ ನೋಡುತ್ತಾನೋ ಎಂದು. ಬೆಳಿಗ್ಗೆ ಡ್ರಮ್ಮಿನೊಳಗೆ ಮೊಣಕೈವರೆಗೂ ಕೈ ಹಾಕಿ ಪುಸ್ತಕ ತೆಗೆದೆ. ಅಂಗಳದಲ್ಲಿ ಕೂರಿಸಿ ಒಂಬತ್ತನೇ ವಿಷಯವನ್ನು ಒಂದೊಂದು ಪದ ಬಿಡಿಸಿ ಓದಿದೆ. ಅರ್ಥವಾಗದ ಪದಕ್ಕೆ ಅರ್ಥ ಹೇಳಿದೆ. ಕೂಲಂಕಷ ಎಂದರೆ ಏನು ಎಂದು ಕೇಳಿದ. ಎಲ್ಲರೂ ಕೂತು ಎಲ್ಲ ಮಾತಾಡಿ ನೋಡುವುದು ಎಂದೆ.

"ಯಾರೂ ಮಾತಾಡ್ನಿಲ್ವಲ್ಲ."

"ಇಲ್ಲ."

"ಬರ್ದಿದ್ದು ನೀನೇನಾ?"

"ನಾನೇ ಅಪ್ಪ."

ಅವನಿಗೆ ಓದು ಬರುವುದಿಲ್ಲ. ಆದರೆ ಆ ಗೆರೆ, ಆ ಎರಡು ಚುಕ್ಕಿ ಗೊತ್ತು. ಅದರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದ. ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ಅವತ್ತೇ ಇಂಗೆ ಓದಿ ಹೇಳಿದ್ದಿದ್ರೆ ಅವಳು ಹಾಕ್ತಿರ್ಲಿಲ್ಲ ಕಣಮ್ಮ" ಎಂದ.

ಆಮೇಲೆ ಎದ್ದು, ತನ್ನ ಹೆಗಲ ಮೇಲಿನ ಟವೆಲ್ಲಿನಲ್ಲಿ ಪುಸ್ತಕ ಸುತ್ತಿ ನನ್ನ ತೊಡೆಯ ಮೇಲಿಟ್ಟ. "ವಕೀಲ್ರಿಗೆ ಕೊಟ್ಟು ಬಾ. ಇನ್ನೊಂದು ಕಲ್ಯಾಣಿ ಓಡಿದ್ರೆ ಎಳ್ಕೊಳ್ಳೋಷ್ಟು ಕಾಲು ನಂಗಿಲ್ಲ." ಕೋಲು ತೆಗೆದುಕೊಂಡು ಹಳಿಯ ಕಡೆ ಹೊರಟುಹೋದ. ತಿಂಡಿ ತಿನ್ನಲಿಲ್ಲ.

ಗೋಡೆಯ ಮೇಲಿನ ಅಮ್ಮನ ಫೋಟೊ ಕಡೆಗೆ ಇನ್ನೂ ನೋಡುವುದಕ್ಕಾಗುತ್ತಿಲ್ಲ.

11 ಡಿಸೆಂಬರ್, ಬುಧವಾರ

ಗೌರಿಬಿದನೂರಿಗೆ ಹೋಗಿ ಬಂದೆ. ಮುರಳಿಮೋಹನ್ ಸರ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಬಾಗಿದ ಸಾಲನ್ನು ನೋಡಿದರು. ರೈಲ್ವೆಯ ಉತ್ತರ ತಿಂಗಳ ಹಿಂದೆಯೇ ಬಂದಿತ್ತು, ನಿಮಗೆ ಸುಳ್ಳು ಹೇಳಿದೆ ಎಂದೆ. ಪುಸ್ತಕ ಮುಚ್ಚಿ ಟೇಬಲ್ ಮೇಲಿಟ್ಟರು.

"ಇದು ಸಿಕ್ಕಿದ್ಮೇಲೆ ಊರು ಒಪ್ಪಿತ್ತು ಅಂತ ಅವರು ಹೇಳಕ್ಕಾಗಲ್ಲ. ಆದ್ರೆ ಬರ್ದಿದ್ದು ನಾನೇ ಅಂತ ನೀನು ಅಫಿಡವಿಟ್ ಕೊಡಬೇಕು. ಕೊಟ್ರೆ ನಿನ್ನ ಮೇಲೂ ಕೇಸ್ ಆಗಬಹುದು. ಗೇಟ್ ಬಂದೇ ಬರುತ್ತೆ ಅಂತ ನಾನು ಮಾತು ಕೊಡಲ್ಲ ತನುಜ."

"ಕೊಡ್ತೀನಿ ಸರ್" ಎಂದೆ.

ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಯ ಕೋನಪ್ಪನವರ ಹತ್ತಿರ ಹೋದೆ. ನಾನು ಹೇಳಿದ್ದನ್ನೆಲ್ಲ ತಮ್ಮ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು, ಅಷ್ಟರಲ್ಲಿ ಕರೆಂಟ್ ಹೋಯಿತು. ಛಾಪಾ ಕಾಗದ ನನ್ನ ಕಡೆ ತಿರುಗಿಸಿ ಕೆಳಗೆ ಬೆರಳು ತೋರಿಸಿದರು. "ಇಲ್ಲೊಂದು ಸೈನ್ ಹಾಕಿ ಹೋಗ್ಬಿಡಮ್ಮ. ಕರೆಂಟ್ ಬಂದ್ಮೇಲೆ ಮ್ಯಾಟರ್ ನಾನು ಹೊಡ್ಕೊಂತೀನಿ. ಎಲ್ರೂ ಅಂಗೇ ಮಾಡೋದು."

ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ. ಅವರು ಗಾಬರಿಯಾದರು.

"ಕಾಯ್ತೀನಿ" ಎಂದೆ.

ಬೆಂಚಿನ ಮೇಲೆ ಎರಡೂವರೆ ಗಂಟೆ ಕಾದೆ. ಕಾಯುತ್ತಿರುವಾಗಲೇ ರಮೇಶ್‌ಬಾಬು ಸರ್ ಫೋನ್ ಬಂತು. ಸುದ್ದಿ ಹೇಗೋ ಮುಟ್ಟಿತ್ತು. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದರು, ಬೈಯಲಿಲ್ಲ. ಕರೆಂಟ್ ಬಂತು. ಹಾಳೆ ಕೈಗೆ ಬಂದಾಗ ಇನ್ನೂ ಬಿಸಿಯಿತ್ತು. ನನ್ನ ತಾಯಿ ಆದಿಲಕ್ಷ್ಮಮ್ಮ ಖಾಲಿ ಹಾಳೆಗೆ ಸಹಿ ಹಾಕಿದರು, ಹಾಕಿಸಿದವಳು ನಾನು, ಅದರ ಮೇಲೆ ಅವರು ಹೇಳದ ಮಾತು ಬರೆದವಳು ನಾನು. ಓದಿ ಸಹಿ ಹಾಕಿದೆ. ಮೊದಲ ಹಿಯರಿಂಗ್ ಫೆಬ್ರವರಿಗೆ ಬರಬಹುದಂತೆ.

ತೊಂಡೇಬಾವಿಯಲ್ಲಿ ರೈಲಿಳಿದು ಆಟೋ ಹಿಡಿದು ಊರಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅಂಡರ್‌ಪಾಸಿನಲ್ಲಿ ಇನ್ನೂ ಸೊಂಟಮಟ್ಟ ನೀರು. ನಾನೂ ಏರಿ ಹತ್ತಿದೆ. ಬೇರೆ ಏನು ಮಾಡಲಿ? ಆ ಕಡೆ ಅಪ್ಪ ನಿಂತಿದ್ದ, ಕೆಂಪು ಬಟ್ಟೆ ಎತ್ತಿದ. ಗೂಡ್ಸ್ ಬಂದು ನಡುವೆ ಅಡ್ಡವಾಯಿತು. ಡಬ್ಬಿಗಳ ಸಂದಿಯಲ್ಲಿ ಅಪ್ಪ ಕಾಣುತ್ತಿದ್ದ, ಮರೆಯಾಗುತ್ತಿದ್ದ. ಕೊನೆಯ ಡಬ್ಬಿ ದಾಟಿದ್ದೇ ನನ್ನ ಕಾಲು ತಾನಾಗಿ ಮೇಲೆದ್ದಿತು.

ಬಟ್ಟೆ ಇಳಿದಿರಲಿಲ್ಲ. ನಿಂತೆ. ಎರಡನೇ ಹಳಿಯಲ್ಲಿ ಎಕ್ಸ್‌ಪ್ರೆಸ್ ಸದ್ದಿಲ್ಲದೆ ಬಂದು ಹೋಯಿತು. ಅಮ್ಮನೂ ಇಷ್ಟೇ ದೂರದಲ್ಲಿ ನಿಂತಿದ್ದಳು, ಅವಳಿಗೆ ಬಟ್ಟೆ ಹಿಡಿಯುವವರು ಇರಲಿಲ್ಲ. ಜಲ್ಲಿಯ ಮೇಲೆ ಕೂತು ಜೋರಾಗಿ ಅತ್ತೆ. ಅಪ್ಪ ಬಟ್ಟೆ ಇಳಿಸಿ, ನಾನು ಅತ್ತು ಮುಗಿಸಿ ದಾಟುವವರೆಗೂ ಅಲ್ಲೇ ಕಾದ.

"ಓದಿ ಹಾಕ್ದಾ?" ಎಂದ.

"ಎರಡು ಸಲ ಓದಿದೆ" ಎಂದೆ.

ಕೋಲನ್ನು ನನ್ನ ಕೈಗೆ ಕೊಟ್ಟು ಮನೆಯ ಕಡೆ ನಡೆದ. ಡೈರಿಗೆ ಹೋದ ಹೆಂಗಸರು ಇನ್ನೂ ಆ ಕಡೆಯೇ ಇದ್ದರು.